ಕಾರವಾರದಲ್ಲಿ ಕುಳಿತು ಫ್ಲಾರೆನ್ಸಿನ ಕಥೆ ಬರೆಯುವ ಬಗೆ

ಇಟಲಿಯ ಪುನರುಜ್ಜೀವನ ಕಾಲದ ಕಲಾವಿದರನ್ನೂ ಧರ್ಮಸುಧಾರಕರನ್ನೂ ಕುರಿತು ಐತಿಹಾಸಿಕ ಕಥೆ ಬರೆಯಹೊರಟವರು ಮೊದಲು ಕಾಲವನ್ನು ಕಿರಿದುಗೊಳಿಸಿಕೊಳ್ಳಬೇಕು. ಇಡೀ ಶತಮಾನವನ್ನು ಹಿಡಿಯಹೋದರೆ ಕೈಗೆ ಸಿಗುವುದು ಪಠ್ಯಪುಸ್ತಕವೇ ಹೊರತು ಕಥೆಯಲ್ಲ. 1497ರ ಫೆಬ್ರವರಿ 7ರಂದು ಧರ್ಮಸುಧಾರಣೆಯ ಪ್ರವಚನ ಮಾಡುತ್ತಿದ್ದ ಸವೊನರೋಲಾ ಎಂಬ ಸಂನ್ಯಾಸಿಯ ಅನುಯಾಯಿಗಳು ಫ್ಲಾರೆನ್ಸ್ ನಗರದ ಚೌಕದಲ್ಲಿ ಕನ್ನಡಿ, ವಾದ್ಯ, ಮುಖವಾಡ, ಚಿತ್ರಗಳನ್ನು ಪಾಪಕ್ಕೆಳೆಯುವ ವಸ್ತುಗಳೆಂದು ರಾಶಿ ಹಾಕಿ ಸುಟ್ಟರು. 1498ರ ಮೇ 23ರಂದು ಅದೇ ಚೌಕದಲ್ಲಿ ಅವನನ್ನೇ ನೇಣಿಗೇರಿಸಿ ಸುಟ್ಟು, ಬೂದಿಯನ್ನು ಆರ್ನೊ ನದಿಗೆ ಚೆಲ್ಲಲಾಯಿತು. ಈ ಎರಡು ಬೆಂಕಿಗಳ ನಡುವಿನ ಹದಿನೈದು ತಿಂಗಳು ಒಂದು ಕಾದಂಬರಿಗೆ ಧಾರಾಳವಾಯಿತು. (ಅದೇ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದ್ದವೆಂಬುದು ಕಾರವಾರದವರಿಗೆ ಆಸೆ ಹುಟ್ಟಿಸುವ ಸಂಗತಿ, ಆದರೂ ಅದನ್ನು ಈ ಕಥೆಯೊಳಗೆ ತುರುಕಬೇಡಿ.)

ಆ ಊರಿನ ಹೆಸರಾಂತ ಚಿತ್ರಕಾರ ಬೊಟಿಚೆಲ್ಲಿ ತನ್ನ ಚಿತ್ರಗಳನ್ನು ತಾನೇ ಆ ಬೆಂಕಿಗೆ ಹಾಕಿದನೆಂಬ ಮಾತು ಬಹು ಪ್ರಚಲಿತವಾಗಿದ್ದರೂ ಅದಕ್ಕೆ ಸಮಕಾಲೀನ ದಾಖಲೆಯಿಲ್ಲ. ಆದ್ದರಿಂದ ಹೆಸರಾಂತರನ್ನು ಹಿನ್ನೆಲೆಯಲ್ಲಿರಿಸಿ, ಬಣ್ಣ ಅರೆಯುವ ಅನಾಮಿಕ ಶಿಷ್ಯನೊಬ್ಬನನ್ನು ಕಲ್ಪಿಸಿಕೊಳ್ಳುವುದು ಲೇಸು.

ಆ ಹುಡುಗನ ಕೈಕೆಲಸವನ್ನು ಅರಿಯಲು ಇಟಲಿಗೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಅಳಿದುಳಿದಿರುವ ಕಾವಿ ಕಲೆಯ ಗೋಡೆಯೊಂದರ ಮುಂದೆ ಅರ್ಧ ದಿನ ನಿಲ್ಲಿ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ, ಕೊಳೆಹಾಕಿ, ಕುಟ್ಟಿ ಹದಗೊಳಿಸಿದ ಗಾರೆಯನ್ನು ಬಳಿದು, ಅದರ ಮೇಲೆ ಕೆಮ್ಮಣ್ಣಿನ ಕಾವಿಯನ್ನು ಹಚ್ಚಿ, ಹಸಿಯಿರುವಾಗಲೇ ಮೊನೆಯಿಂದ ಗೀರಿ ಒಳಗಿನ ಬಿಳುಪನ್ನು ಹೊರತೆಗೆದ ಕೆಲಸವದು. ಫ್ಲಾರೆನ್ಸಿನ ಭಿತ್ತಿಚಿತ್ರಕಾರನೂ ಹಸಿ ಸುಣ್ಣದ ಆಳೇ. ನೀರಿನಲ್ಲಿ ಕಲಸಿದ ಬಣ್ಣವನ್ನು ಹಸಿ ಗಾರೆಯ ಮೇಲೆ ಹಚ್ಚಿದರೆ, ಗಾಳಿ ತಾಗಿ ಗಟ್ಟಿಯಾಗುವ ಸುಣ್ಣವೇ ಅದನ್ನು ಹಿಡಿದಿಡುತ್ತದೆ. ಹಾಗಾಗಿ ಒಂದು ದಿನಕ್ಕೆ ಮುಗಿಯುವಷ್ಟೇ ಗಾರೆ ಬಳಿಯುತ್ತಿದ್ದರು, ಉಳಿದದ್ದನ್ನು ಸಂಜೆಗೆ ಕೆತ್ತಿ ಬಿಸಾಡುತ್ತಿದ್ದರು. ಈ ಗಡುವೇ ನಿಮ್ಮ ಕಥೆಯ ಗಂಟು. ಪ್ರವಚನದ ಗಂಟೆ ಬಾರಿಸುತ್ತಿದೆ, ಗೋಡೆ ಆರುತ್ತಿದೆ, ಹುಡುಗ ಎತ್ತ ಓಡಬೇಕು? ಹತ್ತು ಪುಟದ ಧರ್ಮಚರ್ಚೆ ಮಾಡಲಾಗದ್ದನ್ನು ಈ ಇಬ್ಬಂದಿ ಮಾಡುತ್ತದೆ.

ಸುಧಾರಕನನ್ನು ಕಲೆಯ ವೈರಿಯೆಂದು ಸರಳಗೊಳಿಸಬಾರದು. ಸವೊನರೋಲಾ ಮುಖ್ಯಸ್ಥನಾಗಿದ್ದ ಸಾನ್ ಮಾರ್ಕೊ ಮಠದ ಕೋಣೆಗಳಲ್ಲಿ ಫ್ರಾ ಆಂಜೆಲಿಕೊ ಎಂಬ ಸಂನ್ಯಾಸಿ ಚಿತ್ರಕಾರನ ಭಿತ್ತಿಚಿತ್ರಗಳಿದ್ದವು. ಅವನ ಸಿಟ್ಟು ಇದ್ದದ್ದು ಮಾತೆ ಮೇರಿಗೆ ಬೆಡಗಿಯ ಉಡುಗೆ ತೊಡಿಸುವ ಚಿತ್ರಕಾರರ ಮೇಲೆ.

ಊಟದ ಸನ್ನಿವೇಶದಲ್ಲಿ, ಆಗಿನ್ನೂ ಅಲ್ಲಿಗೆ ಬಂದಿರದ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ನುಸುಳದಂತೆ ನೋಡಿಕೊಳ್ಳಿ, ಕಾಳುಮೆಣಸಿಗೆ ಅಡ್ಡಿಯಿಲ್ಲ. ಫ್ಲಾರೆನ್ಸಿನವರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ ಮೊದಲಾಗುತ್ತಿದ್ದುದರಿಂದ, ಚಿತ್ರಗಳನ್ನು ಸುಟ್ಟ ಆ ಫೆಬ್ರವರಿಯ ದಿನ ಪಾತ್ರವೊಂದು ಪತ್ರ ಬರೆದರೆ ಮೇಲ್ಗಡೆ 1496 ಎಂದೇ ನಮೂದಿಸಬೇಕು. ಸಂಭಾಷಣೆಯಲ್ಲಿ ಯಕ್ಷಗಾನದ ಅರ್ಥಗಾರಿಕೆಯ ಗತ್ತು ನಮ್ಮ ಕಡೆಯವರಿಗೆ ತಾನಾಗಿ ಬಂದುಬಿಡುತ್ತದೆ. ಅದನ್ನು ಪ್ರವಚನದ ಪೀಠಕ್ಕೆ ಮೀಸಲಿಟ್ಟು, ಕಾರ್ಯಾಗಾರದಲ್ಲಿ ಗುರು ಶಿಷ್ಯನನ್ನು ಸುಮ್ಮನೆ ಏಕವಚನದಲ್ಲಿ ಗದರಿಸಲಿ.