ಐಸ್‌ಗೆ ಸ್ವೆಟರ್ ತೊಡಿಸಿದರೆ ಬೇಗ ಕರಗುತ್ತದೆಯೇ?

ಚಳಿಗೆ ಮನೆಯೊಳಗೇ ಕೂತ ನಾಲ್ಕೈದು ವರ್ಷದ ಮಕ್ಕಳಿಗೆ ಫ್ರೀಜರ್‌ನ ಐಸೇ ಒಳ್ಳೆಯ ಆಟಿಕೆ. ಏನಾಗಬಹುದು ಎಂದು ಮೊದಲು ಮಗುವೇ ಊಹಿಸಿ ಹೇಳಲಿ. ಅಲ್ಲಿಯವರೆಗೆ ದೊಡ್ಡವರು ಬಾಯಿಬಿಡಬಾರದು. ಇದು ಪ್ರಯೋಗಕ್ಕಿಂತ ಕಷ್ಟ!

ಹಿಂದಿನ ರಾತ್ರಿ ಎರಡು ಕೆಲಸ ಮುಗಿಸಿಕೊಳ್ಳಿ. ಪ್ಲಾಸ್ಟಿಕ್ ಲೋಟಕ್ಕೆ ಮುಕ್ಕಾಲು ಭಾಗ ನೀರು ಹಾಕಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ಫ್ರೀಜರ್‌ನಲ್ಲಿಡಿ. ಗಾಜಿನದು ಬೇಡ, ಒಡೆಯಬಹುದು. ಜೊತೆಗೆ ಒಂದು ಬಲೂನಿಗೆ ನೀರು ತುಂಬಿ, ಗಂಟು ಹಾಕಿ, ಬಟ್ಟಲಲ್ಲಿ ಕೂರಿಸಿಡಿ. ದೊಡ್ಡ ಬಲೂನಾದರೆ ಪೂರ್ತಿ ಗಟ್ಟಿಯಾಗಲು ಒಂದು ದಿನವೇ ಬೇಕಾದೀತು.

ಬೆಳಿಗ್ಗೆ ಲೋಟ ನೋಡಿದರೆ ಐಸ್ ಗೆರೆ ದಾಟಿ ಮೇಲೆದ್ದಿರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಐಸ್ ನೀರಿನಲ್ಲಿ ತೇಲುವುದೂ ಇದೇ ಕಾರಣಕ್ಕೆ.

ಇನ್ನು ಬಲೂನ್. ರಬ್ಬರ್ ಸುಲಿದು ಚೂರುಗಳನ್ನು ಕೂಡಲೇ ಕಸಕ್ಕೆ ಹಾಕಿ, ಮಕ್ಕಳ ಬಾಯಿಗೆ ಹೋಗದಿರಲಿ. ಐಸ್ ಗುಂಡನ್ನು ಆಳವಾದ ತಟ್ಟೆಯಲ್ಲಿಟ್ಟು, ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಬಿಡಿ. ಸಾಮಾನ್ಯವಾಗಿ ಅಂಚು ತಿಳಿಯಾಗಿದ್ದು, ನಡುವೆ ಬೆಳ್ಳಗೆ ಮಬ್ಬಾಗಿರುತ್ತದೆ. ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಬರುವಾಗ ಅದರಲ್ಲಿ ಕರಗಿದ್ದ ಗಾಳಿ ನಡುವೆ ಗುಳ್ಳೆಗಳಾಗಿ ಸಿಕ್ಕಿಬಿದ್ದಿದೆ. ಈಗ ಗುಂಡಿನ ನೆತ್ತಿಗೆ ಕಲ್ಲುಪ್ಪು ಉದುರಿಸಿ. ಉಪ್ಪು ತಾಗಿದಲ್ಲಿ ಸಣ್ಣ ಕುಳಿ, ಕಾಲುವೆಗಳು ಮೂಡುತ್ತವೆ. ಉಪ್ಪುನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿಗಿಂತ ಹೆಚ್ಚು ಚಳಿ ಬೇಕು. ಅಡುಗೆ ಬಣ್ಣದ ಎರಡು ಹನಿ ಬಿಟ್ಟರೆ ಬಣ್ಣ ಆ ಕಾಲುವೆಗಳಲ್ಲೇ ಇಳಿಯುತ್ತದೆ. ಮಕ್ಕಳು ಇಲ್ಲಿಂದ ಏಳುವುದಿಲ್ಲ, ಅವಸರ ಮಾಡಬೇಡಿ. ಉಪ್ಪು ಬೆರೆತ ಐಸನ್ನು ಮಾತ್ರ ಅಂಗೈಯಲ್ಲಿ ಹಿಡಿಯಲು ಬಿಡಬೇಡಿ. ಅದರ ಚಳಿ ಚರ್ಮವನ್ನೇ ಸುಡಬಲ್ಲದು.

ಕೊನೆಗೆ ಸ್ವೆಟರ್. ಒಂದೇ ಗಾತ್ರದ ಎರಡು ಐಸ್ ತುಂಡುಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ. ಒಂದನ್ನು ದಪ್ಪ ಉಣ್ಣೆಯ ಕಾಲುಚೀಲದೊಳಗೆ ತುರುಕಿ, ಇನ್ನೊಂದು ಹಾಗೇ ಇರಲಿ. ‘ಸ್ವೆಟರ್ ಬೆಚ್ಚಗಿರುತ್ತಲ್ಲ, ಅದೇ ಮೊದಲು ಕರಗುತ್ತೆ’ ಅನ್ನುವ ಮಕ್ಕಳೇ ಹೆಚ್ಚು. ಬರಿಯ ತುಂಡು ಅರ್ಧ ಕರಗಿದಾಗ ಕಾಲುಚೀಲ ಬಿಚ್ಚಿಸಿ. ಒಳಗಿನದೇ ದೊಡ್ಡದಾಗಿ ಉಳಿದಿರುತ್ತದೆ! ಉಣ್ಣೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಬಿಸಿಯನ್ನು ತಡೆಯುತ್ತದೆ ಅಷ್ಟೆ. ನಮ್ಮ ಮೈಯ ಬಿಸಿ ಹೊರಹೋಗದಂತೆ ತಡೆಯುವ ಅದೇ ಉಣ್ಣೆ, ಕೋಣೆಯ ಬಿಸಿ ಐಸ್‌ಗೆ ತಾಗದಂತೆಯೂ ತಡೆಯುತ್ತದೆ. ಒಪ್ಪದೆ ವಾದಕ್ಕಿಳಿದ ಮಗುವಿಗೆ ಟವೆಲ್, ಹತ್ತಿ, ಹಳೆಯ ಪತ್ರಿಕೆ ಕೊಟ್ಟು ಮತ್ತೊಂದು ಸುತ್ತು ಮಾಡಿಸಿ.