ವೈಪರ್ ಕೈಕೊಟ್ಟರೆ ಮೊದಲೇ ಮೋಟರ್ ಬದಲಿಸಬೇಡಿ

ಚಿಕ್ಕಬಳ್ಳಾಪುರದ ಕಡೆ ವರ್ಷದ ಬಹುಪಾಲು ಬಿಸಿಲು, ಧೂಳು. ವೈಪರ್ ನೆನಪಾಗುವುದೇ ಮಳೆ ಬಿದ್ದಾಗ, ಇಲ್ಲಾ ನಂದಿ ಬೆಟ್ಟದ ಮಂಜಿನಲ್ಲಿ. ಆಗ ಅದು ಆಡದಿದ್ದರೆ ತುಂಬಾ ಜನ ನೇರವಾಗಿ ಹೊಸ ಮೋಟರ್ ಹಾಕಿಸಿಬಿಡುತ್ತಾರೆ. ಮಾರುತಿ 800 ಥರದ ಹಳೇ ಕಾರಿನಲ್ಲಿ ಎಷ್ಟೋ ಸಲ ಮೋಟರ್ ಚೆನ್ನಾಗೇ ಇರುತ್ತದೆ.

ಸ್ವಿಚ್ ಹಾಕಿ ಕಿವಿಗೊಡಿ. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ. ತಂತಿ ಸುತ್ತಿ ಕೆಲಸ ಮುಗಿಸಿದರೆ ವೈರೇ ಸುಡುತ್ತದೆ.

ಮೋಟರ್ ಗುಂಯ್ ಅಂದರೂ ಎರಡೂ ಆರ್ಮ್ (ಬ್ಲೇಡ್ ಹಿಡಿದಿರುವ ಕೈ) ಅಲ್ಲಾಡದಿದ್ದರೆ, ಗಾಜಿನ ಕೆಳಗೆ ಮೋಟರ್‌ನಿಂದ ಆರ್ಮ್‌ಗಳಿಗೆ ಓಟ ಕೊಡುವ ಕಂಬಿ, ಅಂದರೆ ಲಿಂಕ್, ಕಳಚಿರುವ ಸಾಧ್ಯತೆ ಹೆಚ್ಚು. ಕೀ ತೆಗೆದಿಟ್ಟ ಮೇಲೇ ಅಲ್ಲಿ ಕೈ ಹಾಕಿ, ಬೆರಳು ಸಿಕ್ಕಿಕೊಂಡರೆ ಜಜ್ಜಿಹೋಗುತ್ತದೆ. ಲಿಂಕ್‌ನ ಕೀಲಿನಲ್ಲಿರುವ ಸವೆದ ಬುಷ್ (ಪುಟ್ಟ ಬಳೆ) ಬದಲಿಸಿ, ಗ್ರೀಸ್ ಹಚ್ಚಿ, ಕೂರುವವರೆಗೆ ಒತ್ತಿ.

ಒಂದೇ ಆರ್ಮ್ ನಿಂತಿದ್ದರೆ ಅದರ ಬುಡದ ನಟ್ ನೋಡಿ. ಜನ ಕೆಡಿಸುವುದು ಇಲ್ಲೇ. ಬಿಚ್ಚುವ ಮುಂಚೆ ಬ್ಲೇಡ್ ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ. ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ ಬ್ಲೇಡ್ ಕಳಚಿ, ಬ್ಲೇಡ್ ಇಲ್ಲದ ಆರ್ಮ್ ಸ್ಪ್ರಿಂಗ್ ಬಲಕ್ಕೆ ಬಡಿದರೆ ಗಾಜು ಒಡೆಯಬಹುದು. ನಟ್ ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಆರ್ಮ್‌ನ ಬುಡ ಹಿಡಿದು ಆ ಕಡೆ ಈ ಕಡೆ ನಿಧಾನವಾಗಿ ಅಲ್ಲಾಡಿಸಿ. ಗಾಜಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಲೇಬೇಡಿ.

ಆರ್ಮ್ ಸಡಿಲವಾಯಿತಾ? ಉಳಿದ ನಟ್ ತೆಗೆದು ಆರ್ಮ್ ಎತ್ತಿ. ಆರ್ಮ್ ಕೂರುವ ಶಾಫ್ಟ್‌ನ ಹಲ್ಲುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ. ಆರ್ಮ್ ಒಳಗಿನ ಹಲ್ಲು ಸವೆದು ನುಣ್ಣಗಾಗಿದ್ದರೆ ಹೊಸ ಆರ್ಮ್ ತನ್ನಿ. ತಗಡಿನ ಚೂರು ತುರುಕಿದರೆ ಮುಂದಿನ ಜೋರು ಮಳೆಗೇ ಜಾರುತ್ತದೆ.

ಈಗ ಆರ್ಮ್ ಇಲ್ಲದೆಯೇ ವೈಪರ್ ಒಮ್ಮೆ ಓಡಿಸಿ, ವೈಪರ್ ಸ್ವಿಚ್‌ನಿಂದಲೇ ನಿಲ್ಲಿಸಿ. ಆಗ ಶಾಫ್ಟ್ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಕೀ ತಿರುಗಿಸಿ ನಿಲ್ಲಿಸಿದರೆ ಅರ್ಧದಲ್ಲೇ ನಿಂತುಬಿಡುತ್ತದೆ. ಹಾಗೇ ಆರ್ಮ್ ಕೂರಿಸಿದರೆ ಬ್ಲೇಡ್ ಹೋಗಿ ಬಾನೆಟ್‌ಗೋ ಗಾಜಿನ ಪಕ್ಕದ ಚೌಕಟ್ಟಿಗೋ ಬಡಿಯುತ್ತದೆ. ಟೇಪ್ ಗುರುತಿಗೆ ಸರಿಯಾಗಿ ಆರ್ಮ್ ಇಟ್ಟು ನಟ್ ಬಿಗಿ ಮಾಡಿ.

ಬ್ಲೇಡ್ ಹಾಕುವುದು ಸುಲಭ, ಕೊಕ್ಕೆಗೆ ಸಿಕ್ಕಿಸಿದರಾಯಿತು. ಹಳೇ ಕಾರಿಗೆ ಲೋಹದ ಫ್ರೇಮ್ ಇರುವುದನ್ನೇ ತಗೊಳ್ಳಿ, ಹಳೆಯದರ ಅಳತೆಯದೇ ಇರಲಿ. ರಸ್ತೆ ಬದಿಯ ಅಗ್ಗದ ಬ್ಲೇಡ್ ಬೇಡ, ಗಾಜಿನ ಮೇಲೆ ಗೆರೆ ಬಿಡುತ್ತದೆ. ರಬ್ಬರ್ ಮೆತ್ತಗಾಗಲಿ ಅಂತ ಡೀಸೆಲ್ ಹಚ್ಚುವವರಿದ್ದಾರೆ, ಅದರಿಂದ ರಬ್ಬರ್ ಬೇಗ ಹಾಳಾಗುತ್ತದೆ, ಗಾಜಿಗೂ ಜಿಡ್ಡು ಹತ್ತುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊನೆಗೆ ಗಾಜಿನ ಮೇಲೆ ನೀರು ಸುರಿದು, ಮೊದಲು ನಿಧಾನದಲ್ಲಿ, ಆಮೇಲೆ ಜೋರಾಗಿ ಓಡಿಸಿ ನೋಡಿ. ಒಣ ಗಾಜಿನ ಮೇಲೆ ಬೇಡ.