ಗದ್ದೆ ನೀರಿನ ಸಿಲಿಯೇಟ್‌ಗೆ ನೆಂಟರನ್ನು ಹುಡುಕುವುದು

ವಿರಾಜಪೇಟೆ ಹತ್ತಿರ ನಮ್ಮ ಗದ್ದೆ. ಅದರ ನೀರಿನಲ್ಲಿ ಸಿಲಿಯೇಟ್‌ಗಳಿವೆ, ಅಂದರೆ ಮೈತುಂಬ ಸಣ್ಣ ರೋಮಗಳಿರುವ ಒಂದೇ ಕೋಶದ ಜೀವಿಗಳು. ಒಂದನ್ನು ಹಿಡಿದು, ಅದರ ಜೀನ್ ಓದಿಸಿ, ವಂಶವೃಕ್ಷದಲ್ಲಿ ಅದರ ನೆಂಟರು ಯಾರೆಂದು ನೋಡುವುದು ಹೀಗೆ. ನಾಟಿ ಮುಗಿದ ಮೇಲೆ ಬದುವಿನ ಮೂಲೆಯಿಂದ ಒಂದು ಬಾಟಲಿ ನೀರು ತರುತ್ತೇನೆ. ನಾಲ್ಕು ಎಳೆ ಒಣಹುಲ್ಲು ಹಾಕಿ ಅಡುಗೆಮನೆ ಕಿಟಕಿಯಲ್ಲಿ ಇಡುತ್ತೇನೆ. ನಮ್ಮತ್ತೆಗೆ ಆ ವಾಸನೆ ಕಂಡರೆ ಆಗುವುದಿಲ್ಲ. ನಾಲ್ಕೈದು ದಿನದಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿ, ಅದನ್ನು ತಿನ್ನುವ ಸಿಲಿಯೇಟ್‌ಗಳೂ ತುಂಬಿಕೊಳ್ಳುತ್ತವೆ. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಮಣ್ಣು ನೆನೆಸಿದರೂ ನಡೆಯುತ್ತದೆ. ಗಟ್ಟಿ ಕವಚದೊಳಗೆ ಮಲಗಿದ್ದ ಕಾಲ್ಪೋಡ ಎಂಬ ಸಿಲಿಯೇಟ್ ಮರುದಿನವೇ ಎದ್ದು ಓಡಾಡುತ್ತದೆ.

ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡಿ, ಫೋನಿನಲ್ಲೇ ವಿಡಿಯೊ ಮಾಡಿಕೊಳ್ಳಿ. ಜೀವಕೋಶ ಒಡೆದ ಮೇಲೆ ಅದರ ಮುಖ ಮತ್ತೆ ಸಿಗುವುದಿಲ್ಲ.

ಆಮೇಲೆ ತೊಳೆಯುವುದು. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ ಕೂದಲಿನಷ್ಟು ಸಣ್ಣಗೆ ಎಳೆದು, ಒಂದೇ ಒಂದು ಜೀವಿಯನ್ನು ಹೀರಿ. ಶುದ್ಧ ನೀರಿನ ಹನಿಗೆ ಬಿಡಿ, ಅಲ್ಲಿಂದ ಇನ್ನೊಂದು ಹನಿಗೆ. ಹೀಗೆ ಐದಾರು ಸಲ. ಕೊನೆಯ ಹನಿಯಲ್ಲಿ ಕೆಲವು ಗಂಟೆ ಉಪವಾಸ ಕೆಡವಿ. ಈ ಉಪವಾಸವನ್ನು ನಾನು ಒಮ್ಮೆ ಬಿಟ್ಟಿದ್ದೆ. ಹಿಡಿದದ್ದು ಡಿಡಿನಿಯಂ ಎಂಬ ಸಿಲಿಯೇಟ್, ಮೂತಿ ಇರುವ ಪುಟ್ಟ ಪೀಪಾಯಿಯಂತಹದು. ವಂಶವೃಕ್ಷ ಬಂದಾಗ ಅದು ಇನ್ನೊಂದು ಸಿಲಿಯೇಟ್ ಆದ ಪ್ಯಾರಮೀಸಿಯಂ ಪಕ್ಕದಲ್ಲಿ ಕೂತಿತ್ತು! ಎರಡು ದಿನ ಕಂಪ್ಯೂಟರನ್ನೇ ಬೈದೆ. ವಿಡಿಯೊ ಹಾಕಿ ನೋಡಿದರೆ ಅದರ ಹೊಟ್ಟೆ ಊದಿತ್ತು. ಡಿಡಿನಿಯಂ ಪ್ಯಾರಮೀಸಿಯಂ ಅನ್ನು ಇಡಿಯಾಗಿ ನುಂಗುತ್ತದೆ ಅಲ್ವಾ, ನಾನು ಓದಿಸಿದ್ದು ಅದರ ಊಟದ ಜೀನ್. ವೃಕ್ಷ ಕೆಡುವುದು ಹೆಚ್ಚಾಗಿ ಗಾಜಿನ ಮೇಲೆ, ಸಾಫ್ಟ್‌ವೇರ್‌ನಲ್ಲಲ್ಲ.

ತೊಳೆದದ್ದನ್ನು ಶುದ್ಧ ಆಲ್ಕೋಹಾಲ್ ಇರುವ ಸಣ್ಣ ಟ್ಯೂಬಿಗೆ ಹಾಕಿ. ನಮ್ಮ ಮಳೆಗಾಲದ ಕರೆಂಟನ್ನು ನೆಚ್ಚಿ ಫ್ರಿಜ್ಜಿನಲ್ಲಿ ಸುಮ್ನೆ ನೀರಲ್ಲಿ ಇಡಬೇಡಿ. ಪಿಸಿಆರ್ (ಬೇಕಾದ ಜೀನನ್ನು ನಕಲು ಮಾಡಿ ಹೆಚ್ಚಿಸುವುದು), ಸೀಕ್ವೆನ್ಸಿಂಗ್ (ಅದರ ಅಕ್ಷರಗಳನ್ನು ಓದುವುದು) ಎರಡನ್ನೂ ಮೈಸೂರು, ಬೆಂಗಳೂರಿನ ಲ್ಯಾಬ್‌ಗಳಲ್ಲಿ ಮಾಡಿಸಬಹುದು. ಒಂದೇ ಕೋಶ ಸಾಕಾಗುತ್ತದಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಾಕು. ಸಿಲಿಯೇಟ್‌ಗೆ ಎರಡು ಬಗೆಯ ಕೋಶಕೇಂದ್ರ. ಚಿಕ್ಕದು ಮುಂದಿನ ಪೀಳಿಗೆಗೆ, ದೊಡ್ಡದು ದಿನದ ಕೆಲಸಕ್ಕೆ. ದೊಡ್ಡದರಲ್ಲಿ ಜೀನ್‌ಗಳ ನಕಲುಗಳು ರಾಶಿ ಇರುತ್ತವೆ. ಟೆಟ್ರಾಹೈಮಿನಾ ಎಂಬ ಸಿಲಿಯೇಟ್‌ನಲ್ಲಿ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಜೀನ್‌ನ ನಕಲುಗಳೇ ಸುಮಾರು 9,000.

ಓದಿಸಬೇಕಾದದ್ದು 18ಎಸ್ ಎಂಬ ಆ ರೈಬೋಸೋಮ್ ಜೀನ್, ಸುಮಾರು 1,700 ಅಕ್ಷರ. ನಿಧಾನ ಬದಲಾಗುವ ಜೀನ್ ಆದ್ದರಿಂದ ದೂರದ ನೆಂಟಸ್ತಿಕೆಗೆ ಒಳ್ಳೆಯದು, ಹತ್ತಿರದ್ದಕ್ಕೆ ಮಂದ. ಸೋನ್‌ಬಾರ್ನ್ ಎಂಬ ವಿಜ್ಞಾನಿ 1975ರಲ್ಲಿ ಪ್ಯಾರಮೀಸಿಯಂ ಆರೇಲಿಯಾ ಎಂಬ ಒಂದೇ ಹೆಸರಿನ ಗುಂಪನ್ನು 14 ಪ್ರಭೇದವಾಗಿ ಬಿಡಿಸಿ ಹೆಸರಿಟ್ಟರು. ಕಣ್ಣಿಗೆ ಎಲ್ಲ ಒಂದೇ. ಅಂಥವಕ್ಕೆ ಮೈಟೊಕಾಂಡ್ರಿಯದ ಸಿಒಐ ಜೀನ್ ಬೇಕು. ಅದನ್ನು ಕಂಪ್ಯೂಟರಿನಲ್ಲಿ ಪ್ರೋಟೀನ್ ಭಾಷೆಗೆ ತಿರುಗಿಸುವಾಗ ಕೋಡ್ ಪಟ್ಟಿ (ಯಾವ ಮೂರಕ್ಷರಕ್ಕೆ ಯಾವ ಅಮೈನೊ ಆಮ್ಲ ಎಂಬ ಪಟ್ಟಿ) 4 ಆರಿಸಿ. ಕೋಶಕೇಂದ್ರದ ಪ್ರೋಟೀನ್ ಜೀನ್ ಆದರೆ ಪ್ಯಾರಮೀಸಿಯಂಗೆ ಪಟ್ಟಿ 6, ಯೂಪ್ಲೋಟಿಸ್ ಎಂಬ ಸಿಲಿಯೇಟ್‌ಗೆ 10. ನಮ್ಮ ಜೀನ್‌ಗಳಲ್ಲಿ ಪೂರ್ಣವಿರಾಮವಾಗುವ ಟಿಎಎ, ಟಿಎಜಿ ಎಂಬ ಮೂರಕ್ಷರಗಳು ಪ್ಯಾರಮೀಸಿಯಂನಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲ. ಮಾಮೂಲಿ ಪಟ್ಟಿ ಹಾಕಿದರೆ ಜೀನ್ ಅಲ್ಲಲ್ಲಿ ತುಂಡಾಗಿ ಕಾಣುತ್ತದೆ.

ಉಳಿದದ್ದು ಪುಕ್ಕಟೆ. ಎರಡೂ ತುದಿಯ ಕೆಟ್ಟ ಓದನ್ನು ಕತ್ತರಿಸಿ, ಹೋಲುವ ಸರಣಿಗಳನ್ನು ಹುಡುಕುವ ಬ್ಲಾಸ್ಟ್‌ನಲ್ಲಿ ಹುಡುಕಿ. ಡಿಎನ್‌ಎ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಿಂದ ಬೇರೆಬೇರೆ ವರ್ಗದ ಮೂವತ್ತು ನಲವತ್ತು ಸರಣಿ ಇಳಿಸಿಕೊಳ್ಳಿ. ಹೊರಗಿನವರಾಗಿ, ಸಿಲಿಯೇಟ್‌ಗಳ ದೂರದ ನೆಂಟರಾದ ಎರಡು ಮೂರು ಡೈನೊಫ್ಲಾಜೆಲ್ಲೇಟ್ ಸೇರಿಸಿದರೆ ವೃಕ್ಷದ ಬೇರು ಎಲ್ಲಿ ಎಂದು ತಿಳಿಯುತ್ತದೆ. ಮ್ಯಾಫ್ಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಸರಣಿಗಳನ್ನು ಒಂದರ ಕೆಳಗೊಂದು ಸಾಲು ಹೊಂದಿಸಿ. ಆ ಸಾಲನ್ನು ಕಣ್ಣಾರೆ ನೋಡದೆ ಮುಂದೆ ಹೋಗುವವರನ್ನು ನಾನು ನಂಬುವುದಿಲ್ಲ. ಸರಿಯಾಗಿ ಹೊಂದದ ಭಾಗ ತೆಗೆದು ವೃಕ್ಷ ಕಟ್ಟುವ ಐಕ್ಯೂ-ಟ್ರೀಗೆ ಕೊಡಿ, 1,000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರ್ಯಾಪ್ (ಕೊಂಬೆ ಎಷ್ಟು ಗಟ್ಟಿ ಎಂದು ಮತ್ತೆ ಮತ್ತೆ ಪರೀಕ್ಷಿಸುವುದು) ಹಾಕಿ. ಕೊಂಬೆಯ ಮೇಲೆ 95 ಅಥವಾ ಹೆಚ್ಚು ಬಂದರೆ ಮಾತ್ರ ಗಟ್ಟಿ ಎನ್ನಿ.

ಪಾದರಕ್ಷೆಯಂತಹ ಪ್ಯಾರಮೀಸಿಯಂ, ತೊಟ್ಟಿನ ಮೇಲೆ ಗಂಟೆಯಂತೆ ನಿಲ್ಲುವ ವೋರ್ಟಿಸೆಲ್ಲಾ ಒಂದೇ ವರ್ಗದಲ್ಲಿ ಬಂದರೆ ಗಾಬರಿ ಬೇಡ, ಅದು ಸರಿ. ಸ್ಟೆಂಟರ್ ಎಂಬ ಸಿಲಿಯೇಟ್, ಬ್ಲೆಫರಿಸ್ಮಾ ಎಂಬ ಇನ್ನೊಂದರ ಜೊತೆ ದೂರದ ಕೊಂಬೆಗೆ ಹೋಗಬೇಕು. ಹೋಗದಿದ್ದರೆ ನಿಮ್ಮ ಟ್ಯೂಬುಗಳು ಅದಲುಬದಲಾಗಿವೆಯೇ ನೋಡಿ.

ಸರಣಿಯನ್ನು ಜೆನ್‌ಬ್ಯಾಂಕಿಗೆ ಕೊಡುವಾಗ ಊರು, ತಾರೀಕು ಕೇಳುತ್ತಾರೆ. ಅದನ್ನು ಪುಸ್ತಕದಲ್ಲೂ ಬರೆದಿಡಿ. ನಾನು ಬಾಟಲಿಯ ಮೇಲೆ ಮಾತ್ರ ಬರೆದಿದ್ದೆ. ನಮ್ಮತ್ತೆ ಅದನ್ನು ಚೆನ್ನಾಗಿ ತಿಕ್ಕಿ ತೊಳೆದು ಎಣ್ಣೆ ತುಂಬಿಸಿಟ್ಟಿದ್ದರು.